ದೋಣಿಗೆ ಬೆನ್ನು ಮಾಡಿ ನಡೆಯುವಾಕೆ

ಬೆಳಗಿನ ಮೊದಲ ದೋಣಿ ಬರುವಾಗ ಕಟ್ಟೆಯ ಮೇಲಿರುವ ಎಲ್ಲರ ಮುಖವೂ ನದಿಯ ಕಡೆಗಿರುತ್ತದೆ. ಹಗ್ಗಕ್ಕೆ ಕೈಚಾಚಿದವನು, ಟಿಕೆಟ್ ಹರಿಯುವವನು, ಚಹದ ಕೆಟಲ್ ಹಿಡಿದವಳು, ಕೊನೆಗೆ ಮಲಗಿದಲ್ಲೇ ಒಂದು ಕಣ್ಣು ತೆರೆಯುವ ನಾಯಿ ಕೂಡ. ಒಬ್ಬಾಕೆ ಮಾತ್ರ, ದೋಣಿಯ ಮಗ್ಗುಲು ಕಟ್ಟೆಗೆ ತಾಗಿದ ಸದ್ದು ಕೇಳಿದ್ದೇ ತಡ, ಅದಕ್ಕೆ ಬೆನ್ನು ಮಾಡಿ ನಡೆಯತೊಡಗುತ್ತಾರೆ. ಬೇಡದ ನೆಂಟರನ್ನು ದೂರದಿಂದಲೇ ಕಂಡವರ ನಡಿಗೆ ಅದು.

ಹಿಂದೆ ದೋಣಿಯಿಂದ ಇಳಿಯುತ್ತಿರುವವರು ನದೀತೀರದ ಈ ಹಳೆಯ ಪೇಟೆಯನ್ನು ಕಾಲ್ನಡಿಗೆಯಲ್ಲಿ ನೋಡಲು ಬಂದವರು. ಎಳೆಬಿಸಿಲಲ್ಲಿ ಗೋಡೆಗಳು ಚೆನ್ನಾಗಿ ಕಾಣುತ್ತವೆಂದು ನಿದ್ದೆಗೆಟ್ಟು ಬಂದಿದ್ದಾರೆ. ಅವರನ್ನು ನಡೆಸಿಕೊಂಡು ಹೋಗುವವರ ಕೈಯಲ್ಲಿ ಮಳೆಯಿರಲಿ ಬಿಸಿಲಿರಲಿ ಒಂದು ಹಳದಿ ಕೊಡೆ. ಹಾಗಾಗಿ ಅವರು ಕೊಡೆಯವರು. ಕೊಡೆಯವರು ತಲೆ ಎಣಿಸಿ, ಎಲ್ಲಿ ಕಾಲಿಡಬೇಕು ಎಲ್ಲಿ ಇಡಬಾರದು ಎಂದು ಹೇಳಿ ಮುಗಿಸುವಷ್ಟರಲ್ಲಿ ಈಕೆ ಉಪ್ಪಿನ ಗೋದಾಮಿನ ಪಕ್ಕದ ಓಣಿ ಹೊಕ್ಕು ಮೊದಲ ಬಾಗಿಲು ತಟ್ಟಿಯಾಗಿರುತ್ತದೆ.

ತಟ್ಟುವುದು ಬೆರಳ ಗೆಣ್ಣಿನಿಂದ. “ಕೋಲಲ್ಲಿ ತಟ್ಟಿದ್ರೆ ಬಾಡಿಗೆ ಕೇಳೋಕೆ ಬಂದ ಹಾಗಿರುತ್ತೆ. ಅಂಗೈಯಲ್ಲಿ ಬಡಿದ್ರೆ ಯಾರೋ ಸತ್ತಿದಾರೆ ಅಂದ್ಕೋತಾರೆ. ಗೆಣ್ಣಲ್ಲಿ ತಟ್ಟಿದ್ರೆ ನಾನು ಅಂತ ಗೊತ್ತಾಗುತ್ತೆ,” ಎನ್ನುತ್ತಾರೆ. ಬಲಗೈಯ ನಡುಬೆರಳ ಗೆಣ್ಣು ಹಿಮ್ಮಡಿಯ ಹಾಗೆ ದಪ್ಪಗಟ್ಟಿದೆ.

“ಬರ್ತಾ ಇದಾರೆ!”

“ಆಯ್ತು,” ಒಳಗಿನಿಂದ ಉತ್ತರ.

ಮುಂದಿನ ಬಾಗಿಲು. “ಬರ್ತಾ ಇದಾರೆ!”

“ತಡಿ ತಡಿ, ತಲೆಗೆ ಸೋಪು ಹಾಕ್ಕೊಂಡಿದೀನಿ!”

“ಇರೋದೇ ನಾಲ್ಕು ಕೂದಲು, ಅದಕ್ಕೆಷ್ಟು ಸೋಪು ರೀ? ಬೇಗ ತೊಳ್ಕೊಳ್ಳಿ.”

ನಾಲ್ಕು ಕೂದಲಿನವರು ಏನೋ ಬೈದದ್ದು ನೀರಿನ ಸದ್ದಿನಲ್ಲಿ ಮುಳುಗುತ್ತದೆ. ಆಕೆ ಕಾಯುತ್ತಾರೆ. ‘ಆಯ್ತು’ ಎಂಬ ದನಿ ಬಂದ ಮೇಲೆಯೇ ಮುಂದಿನ ಬಾಗಿಲು.

ಇದೇ ಈಕೆಯ ಕೆಲಸ. ನೋಡಲು ಬರುವವರಿಗಿಂತ ಸ್ವಲ್ಪ ಮುಂಚೆ ಹೋಗಿ, ನೋಡಿಸಿಕೊಳ್ಳುವವರಿಗೆ ಸುದ್ದಿ ಮುಟ್ಟಿಸುವುದು. ಬೆಳಗ್ಗೆ ಎರಡು ಸಲ, ಸಂಜೆ ಒಂದು ಸಲ. ಹೆತ್ತವರು ಇಟ್ಟ ಹೆಸರು ಏನೇ ಇರಲಿ, ಓಣಿಯಲ್ಲಿ ಈಕೆ ‘ಮುಂದಮ್ಮ’. ಪ್ರವಾಸಿಗರ ಯಾವ ಫೋಟೋದಲ್ಲೂ ಮುಂದಮ್ಮ ಇಲ್ಲ. ಅವರು ಓಣಿಗೆ ಬರುವ ಹೊತ್ತಿಗೆ ಈಕೆ ತಿರುವು ದಾಟಿಯಾಗಿರುತ್ತದೆ.

ಈ ಓಣಿಗಳಲ್ಲಿ ಮನೆಯೆಂದರೆ ಒಂದು ಕೋಣೆ. ಎರಡನೆಯ ಕೋಣೆ ಓಣಿಯೇ. ಅಲ್ಲಿಯೇ ಹಲ್ಲುಜ್ಜುವುದು, ತಲೆ ಬಾಚುವುದು, ಪಾತ್ರೆ ಬೆಳಗುವುದು, ಮಗುವಿನ ಬಟ್ಟೆ ಬದಲಿಸುವುದು, ಗಂಡ ಹೆಂಡತಿ ಮುಖ ತಿರುಗಿಸಿಕೊಂಡು ಕೂರುವುದು. ಹಿಂದೆಲ್ಲ ಇಲ್ಲಿಗೆ ಹೊರಗಿನವರು ಬರುತ್ತಿರಲಿಲ್ಲ. ಗೋದಾಮುಗಳು ಮುಚ್ಚಿ, ದೊಡ್ಡ ದೋಣಿಗಳು ನಿಂತು, ಪೇಟೆಯನ್ನು ನದಿಯೂ ಮರೆತಂತಿದ್ದ ಕಾಲದಲ್ಲಿ ಯಾರಿಗೋ ಇದು ಸುಂದರವಾಗಿದೆ ಎಂದು ತೋರಿತು. ಸುಂದರವಾಗಿದೆ ಎಂಬ ಸುದ್ದಿ ಓಣಿಯವರಿಗೆ ತಲುಪಿದ್ದು ಕೊನೆಯಲ್ಲಿ, ಅದೂ ಒಳಉಡುಪು ಹಿಂಡುತ್ತಿದ್ದಾಗ ತಲೆಯೆತ್ತಿ ನೋಡಿದರೆ ಎದುರಿಗೆ ಇಪ್ಪತ್ತು ಜನ ನಿಂತಿದ್ದ ರೂಪದಲ್ಲಿ.

ಮೊದಮೊದಲು ಪಾತ್ರೆ ತೊಳೆದ ನೀರು ಪ್ರವಾಸಿಗರ ಕಾಲಿಗೆ ಬಿತ್ತು. ಆಮೇಲೆ ತಲೆಗೂ ಬಿತ್ತು. ನಡಿಗೆ ನಡೆಸುವ ಕಂಪನಿಯವರು ಮಾತುಕತೆಗೆ ಬಂದಾಗ ಓಣಿಯ ಷರತ್ತು ಒಂದೇ: ಬರುವುದಾದರೆ ಹೇಳಿ ಬನ್ನಿ, ನಾವು ಹೇಳಿದ ಮೇಲೆ ಬನ್ನಿ. ಹೇಳುವವರು ನಮ್ಮವರೇ ಆಗಿರಲಿ.

“ನನ್ನನ್ನೇ ಯಾಕೆ ಆರಿಸಿದ್ರು ಅಂದ್ರೆ, ಆ ಹೊತ್ತಿಗೆ ಎಲ್ಲರ ಹತ್ರಾನೂ ಜಗಳ ಆಡಿ ಮುಗಿಸಿದೋಳು ನಾನೊಬ್ಳೇ. ಯಾರ ಪಕ್ಷಾನೂ ಅಲ್ಲ ಅಂತ ಗ್ಯಾರಂಟಿ ಇತ್ತು,” ಎಂದು ಮುಂದಮ್ಮ ನಗುತ್ತಾರೆ. ಅದಕ್ಕೆ ಮುಂಚೆ ಕಟ್ಟೆಯಲ್ಲಿ ದೋಣಿ ತೊಳೆಯುತ್ತಿದ್ದರು. ಗಂಡ ಮರಳು ಸಾಗಿಸುವ ದೋಣಿಯವನು, ಯಾವಾಗ ಹೋಗುತ್ತಾನೆ ಯಾವಾಗ ಬರುತ್ತಾನೆ ಎಂಬ ಲೆಕ್ಕವಿಲ್ಲ. “ಅವರು ಬರೋವಾಗ ಮಾತ್ರ ಯಾರೂ ಮುಂಚೆ ಬಂದು ಬಾಗಿಲು ತಟ್ಟಲ್ಲ ನೋಡಿ!”

ಓಣಿಯಿಂದ ‘ತಡಿ’ ಎಂಬ ಮಾತು ಬಂದರೆ ಮುಂದಮ್ಮ ಹಿಂದಕ್ಕೆ ಬಂದು ನಡುದಾರಿಯಲ್ಲಿ ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತಾರೆ. ಕೊಡೆಯವರು ಅಲ್ಲಿಯೇ ಗುಂಪನ್ನು ನಿಲ್ಲಿಸಿ, ಕೈಗೆ ಸಿಕ್ಕಿದ್ದನ್ನು ತೋರಿಸಿ ಕಥೆ ಹೇಳಬೇಕು. ಗೋಡೆಯ ಮೇಲೆ ನೆರೆ ಬಿಟ್ಟುಹೋದ ಗೆರೆ, ತಕ್ಕಡಿ ತೂಗುಹಾಕುತ್ತಿದ್ದ ಕಬ್ಬಿಣದ ಕೊಕ್ಕೆ, ಯಾರೂ ಓದಲಾಗದ ಒಂದು ಕಲ್ಲು. “ನಮ್ಮ ಪೇಟೆಯ ಇತಿಹಾಸದಲ್ಲಿ ಅರ್ಧ, ಯಾರದ್ದೋ ಸ್ನಾನ ಮುಗೀಲಿ ಅಂತ ಹುಟ್ಟಿದ್ದು,” ಎನ್ನುವುದು ಕೊಡೆಯವರೇ.

ನೋಡಲು ಬಂದವರಿಗೂ ನಾಚಿಕೆಯಿದೆ. ಓಣಿಯೊಳಗೆ ಬಂದ ಕೂಡಲೇ ಅವರ ದನಿ ತಗ್ಗುತ್ತದೆ. ತೆರೆದ ಬಾಗಿಲಿನೊಳಕ್ಕೆ ನೋಡಬಾರದೆಂದು ಎಲ್ಲರೂ ತಲೆಯೆತ್ತಿ ಮಾಳಿಗೆಗಳನ್ನೇ ನೋಡುತ್ತ ನಡೆಯುತ್ತಾರೆ. ಆಮೇಲೆ ಕಣ್ಣು ತಾನಾಗಿ ಕೆಳಗಿಳಿಯುತ್ತದೆ. ಬಾಗಿಲೊಳಗೆ ಇರುವುದು ತಮ್ಮ ಮನೆಯಲ್ಲಿ ಇರುವಂಥದ್ದೇ: ಮಡಚದ ಹಾಸಿಗೆ, ನಿನ್ನೆಯ ಲೋಟ. ಅದನ್ನು ನೋಡಿದ ತಪ್ಪಿಗೆ ಮತ್ತೆ ಮಾಳಿಗೆ.

ಇಷ್ಟೆಲ್ಲ ಹೇಳುವಾಗ ಲವಲವಿಕೆಯಿಂದ ಇರುವ ಮುಂದಮ್ಮ ಕಲ್ಲಿನ ಕಮಾನಿನ ಹತ್ತಿರ ಬಂದಾಗ ಹೆಜ್ಜೆ ನಿಧಾನ ಮಾಡುತ್ತಾರೆ. ಕಮಾನಿನ ಆಚೆ ಓಣಿ ತಿರುಗುತ್ತದೆ. ತಿರುವಿನಲ್ಲಿ ಒಂದು ನೀಲಿ ಬಾಗಿಲು, ಬಾಗಿಲ ಮುಂದೆ ಚಪ್ಪಟೆ ಬಟ್ಟೆಗಲ್ಲು, ಅದರ ಆಚೆ ಚೌಕಟ್ಟು ಹಾಕಿದಂತೆ ನದಿ. ಜನ ದೋಣಿ ಹತ್ತಿ ಬರುವುದೇ ಈ ನೋಟಕ್ಕೆ. ನೀಲಿ ಬಾಗಿಲು ಮುಂದಮ್ಮನ ಅಕ್ಕನದು. ಒಳಗೆ ಅವರ ಅಪ್ಪ ಇದ್ದಾರೆ.

ಮುಂದಮ್ಮ ಕಮಾನಿನಡಿ ಹೋಗಿ ನೀಲಿ ಬಾಗಿಲನ್ನು ಎರಡು ಸಲ ತಟ್ಟುತ್ತಾರೆ. “ಬರ್ತಾ ಇದಾರೆ,” ಎಂದು ಪಿಸುಗುಡುತ್ತಾರೆ. ತಟ್ಟಿದ ಕೈ ಇನ್ನೂ ಇಳಿದಿರುವುದಿಲ್ಲ, ಅಷ್ಟರಲ್ಲಿ ತಿರುಗಿ, ಹೆಚ್ಚುಕಮ್ಮಿ ಓಡುತ್ತ ಹಿಂದಕ್ಕೆ ಬಂದು ಕೊಡೆಯವರಿಗೆ ಬೇರೆ ದಾರಿ ತೋರಿಸುತ್ತಾರೆ. ಗುಂಪು ಗೋದಾಮುಗಳ ಹಿಂಬದಿಯ ಚರಂಡಿಯ ಪಕ್ಕದಲ್ಲಿ ಸುತ್ತು ಹಾಕಿ ಹೋಗುತ್ತದೆ. ಕಮಾನನ್ನು ನೋಡಲೆಂದು ಬಂದವರು ಚರಂಡಿ ನೋಡಿ ಹಿಂದಿರುಗುತ್ತಾರೆ. ತಿಂಗಳುಗಳಿಂದ ಹೀಗೆ ನಡೆದಿದೆ.

“ನಾನು ಮಾಡಿದ ಕೆಲಸ,” ಎನ್ನುತ್ತಾರೆ ಮುಂದಮ್ಮ. ಚಹದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಾರೆ, ಕುಡಿಯುತ್ತಿಲ್ಲ.

ಅಪ್ಪ ಕಟ್ಟೆಯಲ್ಲಿ ಹಗ್ಗ ಹಿಡಿಯುತ್ತಿದ್ದವರು. ದೋಣಿ ಕಟ್ಟಿ ಆದ ಮೇಲೆ ಹಲಗೆ ಇಟ್ಟು, ಇಳಿಯುವ ಒಬ್ಬೊಬ್ಬರಿಗೂ ಕೈಕೊಡುತ್ತಿದ್ದರು. ಎಂಥ ಸೆಕೆಯಲ್ಲೂ ಕತ್ತಿನವರೆಗೆ ಗುಂಡಿ ಹಾಕಿದ ಅಂಗಿ. ಅವರ ಎದೆಯನ್ನು ಮಕ್ಕಳೂ ಕಂಡದ್ದಿಲ್ಲ. ಈಗ ನೆನಪು ಹರಿದು ಹೋಗಿದೆ. ಅಕ್ಕ ಅವರನ್ನು ನೋಡಿಕೊಳ್ಳುತ್ತಾರೆ. ಒಳಗಿನಿಂದ ನೀರು ಹರಿದುಹೋಗಲು ದಾರಿಯಿಲ್ಲದ್ದರಿಂದ ಸ್ನಾನ ಬಾಗಿಲ ಮುಂದಿನ ಕಲ್ಲಿನ ಮೇಲೆ, ಎಳೆಬಿಸಿಲಲ್ಲಿ. ಬೆನ್ನಿಗೆ ಬಿಸಿಲು ಬಿದ್ದರೆ ಅಪ್ಪ ಸುಮ್ಮನೆ ಕೂರುತ್ತಾರೆ, ಇಲ್ಲದಿದ್ದರೆ ಗಲಾಟೆ.

ಕಳೆದ ಮಳೆಗಾಲ ಮುಗಿದ ಹೊಸತರಲ್ಲಿ ಒಂದು ಬೆಳಗ್ಗೆ, ಮುಂದಮ್ಮ ನೀಲಿ ಬಾಗಿಲು ತಟ್ಟಿದರು. ಉತ್ತರಕ್ಕೆ ನಿಲ್ಲಲಿಲ್ಲ.

“ಎಲ್ಲರ ಮನೆ ಮುಂದೂ ನಿಲ್ತೀನಿ. ಕಂಡರಾಗದವರ ಮನೆ ಮುಂದೂ ನಿಲ್ತೀನಿ. ನಮ್ಮಕ್ಕನ ಮನೆ ತಾನೇ ಅಂದ್ಕೊಂಡೆ. ಅವಳಿಗೆ ಗೊತ್ತಾಗುತ್ತೆ ಬಿಡು, ನಮ್ಮವಳಲ್ವಾ ಅಂತ. ಅವತ್ತೊಂದೇ ದಿನ ಅಲ್ಲ. ದಿನಾ ಹಾಗೇ ಮಾಡ್ತಿದ್ದೆ. ಅವತ್ತು ಸಿಕ್ಕಿಬಿದ್ದೆ, ಅಷ್ಟೇ.”

ಒಳಗೆ ಅಕ್ಕನಿಗೆ ತಟ್ಟಿದ್ದು ಕೇಳಿಸಿತ್ತು. ‘ತಡಿ’ ಎಂದು ಕೂಗಿಯೂ ಇದ್ದರು. ತಡಿ ಎಂದ ಮೇಲೆ ಯಾರೂ ಬರುವುದಿಲ್ಲ ಎಂಬ ಧೈರ್ಯದಿಂದ ಅಪ್ಪನನ್ನು ಹೊರಗೆ ಕರೆತಂದು, ಬಟ್ಟೆ ಬಿಚ್ಚಿ, ಕಲ್ಲಿನ ಮೇಲೆ ಕೂರಿಸಿ ಮೊದಲ ಚೊಂಬು ಸುರಿದಿದ್ದರು. ಆಗ ಕಮಾನಿನಡಿಯಿಂದ ಹಳದಿ ಕೊಡೆ ಬಂತು. ಕೊಡೆಯ ಹಿಂದೆ ಇಡೀ ದೋಣಿ.

ಅಪ್ಪ ಮುಖ ಮುಚ್ಚಿಕೊಳ್ಳಲಿಲ್ಲ. ಅವರಿಗೆ ಕಂಡದ್ದು ದೋಣಿಯಿಂದ ಇಳಿಯುತ್ತಿರುವ ಜನ. ಎದ್ದು ನಿಂತರು. ಮೈಯಿಂದ ನೀರು ಸೋರುತ್ತಿತ್ತು. ಹಲಗೆಯ ತುದಿಯಲ್ಲಿ ನಿಂತವರಂತೆ ಒಂದು ಕಾಲು ಮುಂದಿಟ್ಟು, ಮುಂದೆ ಇದ್ದ ಹೆಂಗಸಿನತ್ತ ಕೈ ಚಾಚಿದರು. “ನಿಧಾನ, ನಿಧಾನ, ಜಾರುತ್ತೆ,” ಎಂದರು.

ಆಕೆ ಕಿರುಚಿದಳು. ಹಿಂದೆ ಯಾರೋ ನಕ್ಕರು. ನಗು ತಡೆಯಲಾಗದೆ ಬಂದದ್ದಿರಬೇಕು. ಆದರೂ ನಗು ನಗುವೇ. ಒಂದೆರಡು ಫೋನುಗಳು ಮೇಲೆದ್ದವು. ಅಕ್ಕ ನೆನೆಸಿಟ್ಟಿದ್ದ ಹೊದಿಕೆಯನ್ನು ಬಾಚಿಕೊಂಡು ಎರಡೂ ಕೈಯಲ್ಲಿ ಹರಡಿ ಅಪ್ಪನ ಮುಂದೆ ನಿಂತರು. ಗದ್ದಲ ಕೇಳಿ ಮುಂದಮ್ಮ ಹಿಂದಕ್ಕೆ ಓಡಿಬಂದಾಗ ಕಂಡದ್ದು ಅದೇ: ಒದ್ದೆ ಹೊದಿಕೆ, ಅದರ ಮೇಲಂಚಿನಲ್ಲಿ ಅಕ್ಕನ ಕಣ್ಣು, ಹೊದಿಕೆಯ ಪಕ್ಕದಿಂದ ಇನ್ನೂ ಚಾಚಿಕೊಂಡೇ ಇದ್ದ ಅಪ್ಪನ ಕೈ.

“ಒಬ್ಬ ಹುಡುಗ ಅಲ್ಲೇ ಫೋಟೋ ಅಳಿಸಿ ತೋರಿಸ್ದ, ಅಳ್ತಾ ಇದ್ದ ಪಾಪ. ಮಿಕ್ಕವರದ್ದು ಗೊತ್ತಿಲ್ಲ. ಈಗ್ಲೂ ಕಟ್ಟೆ ಮೇಲೆ ಯಾರಾದ್ರೂ ಫೋನ್ ನೋಡಿ ನಕ್ಕರೆ ಭೂಮಿ ಬಾಯಿ ಬಿಡಬಾರದಾ ಅನ್ಸುತ್ತೆ. ಅಪ್ಪಂಗೆ ಏನೂ ನೆನಪಿಲ್ಲ. ನೋಡಿದ್ರೆ ನಗ್ತಾರೆ. ನೆನಪಿದ್ದಿದ್ರೆ ಬೈತಿದ್ರು, ಮುಗೀತಿತ್ತು. ಈಗ ಅವರ ಪಾಲಿನ ನಾಚಿಕೇನೂ ನಾನೇ ಹೊತ್ಕೊಂಡಿದೀನಿ.”

ಮರುದಿನ ಮುಂದಮ್ಮ ಕೆಲಸಕ್ಕೆ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಕೊಡೆಯವರು ತಾವೇ ಕೂಗುತ್ತ ಬಂದರು. ಯಾರೂ ಉತ್ತರ ಕೊಡದ ಓಣಿಯಲ್ಲಿ ನಾಲ್ಕು ಕೂದಲಿನವರು ಸೋಪಿನ ತಲೆಯಲ್ಲೇ ಸಿಕ್ಕಿಬಿದ್ದರು. ಆಗ ಕುರ್ಚಿ ಹೆಣೆಯುವ ತಾತ ಮುಂದಮ್ಮನ ಬಾಗಿಲಿಗೆ ಬಂದರು. ಓಣಿಯ ಬಾಯಲ್ಲಿ ಕೂತು ಬೆತ್ತದ ಕುರ್ಚಿಗಳ ಹರಿದ ಮೈ ಮತ್ತೆ ಹೆಣೆಯುವ ತಾತನ ನಾಲಿಗೆಯೂ ಬೆತ್ತದ್ದೇ. “ನೀನು ನಾಚ್ಕೊಂಡು ಮನೇಲಿ ಕೂತ್ರೆ, ನಾವೆಲ್ಲ ಬೀದೀಲಿ ನಾಚ್ಕೋಬೇಕೇನೇ? ಏಳು,” ಎಂದರು.

ಮುಂದಮ್ಮ ಎದ್ದರು. ಆದರೆ ನೀಲಿ ಬಾಗಿಲು ಅಂದಿನಿಂದ ಉತ್ತರ ಕೊಟ್ಟಿಲ್ಲ. ಉತ್ತರವಿಲ್ಲದೆ ಜನರನ್ನು ಆ ದಾರಿಯಲ್ಲಿ ಬಿಡಬಾರದು ಎಂಬುದು ನಿಯಮ. ಅದಕ್ಕೇ ಚರಂಡಿಯ ಸುತ್ತುದಾರಿ. ಅಪ್ಪನ ಸ್ನಾನ ಈಗ ಒಳಗೆ, ಅಗಲ ಬೋಗುಣಿಯಲ್ಲಿ. ಬಳಸಿದ ನೀರನ್ನೆಲ್ಲ ಬಕೆಟ್ಟಿನಲ್ಲಿ ತುಂಬಿ ಅಕ್ಕನೇ ಹೊರಗೆ ಹೊರಬೇಕು. ಬಿಸಿಲಿಲ್ಲದ ಸ್ನಾನಕ್ಕೆ ಅಪ್ಪ ಕೂಗಾಡುವುದು ಕಮಾನಿನವರೆಗೂ ಕೇಳಿಸುತ್ತದೆ.

ಕಂಪನಿಯವರ ತಾಳ್ಮೆಯೂ ಮುಗಿಯುತ್ತ ಬಂದಿದೆ. “ನಾನೇನು ಕೆಟ್ಟವನಲ್ಲ,” ಎನ್ನುತ್ತಾರೆ ಕೊಡೆಯವರು, ಕೊಡೆಯ ತುದಿಯಿಂದ ಕಲ್ಲಿನ ಸಂದಿಯ ಮಣ್ಣು ಕೆದಕುತ್ತ. “ಅವತ್ತಿಂದ ನನಗೂ ಆ ಮನೆ ಕಡೆ ಮುಖ ಎತ್ತೋಕಾಗಿಲ್ಲ. ಆದ್ರೆ ಕಮಾನು ತೋರಿಸಲಿಲ್ಲ ಅಂತ ಜನ ದೂರು ಕೊಡ್ತಾರೆ. ಬರೋ ವಾರದಿಂದ ಆ ದಾರಿ ತೆರೀದಿದ್ರೆ ಮುಂದಮ್ಮ ಬೇಡ, ಒಂದು ಗಂಟೆ ಬಾರಿಸಿಬಿಡೋಣ ಅಂತಿದಾರೆ.” ಗಂಟೆ ಬಾರಿಸಬಹುದು. ಆದರೆ ಗಂಟೆಗೆ ‘ತಡಿ’ ಎಂದರೆ ತಡೆಯುವುದಿಲ್ಲ. ಅದು ಓಣಿಯವರಿಗೆಲ್ಲ ಗೊತ್ತಿದೆ.

ಅಕ್ಕ ಮಾತಿಗೆ ಸಿಕ್ಕಿದ್ದು ಮಧ್ಯಾಹ್ನ. ಬಕೆಟ್ ಚರಂಡಿಗೆ ಸುರಿದು ಸೊಂಟ ನೆಟ್ಟಗೆ ಮಾಡುತ್ತಿದ್ದರು. ತಂಗಿಯದೇ ಮುಖ, ಸ್ವಲ್ಪ ಹೆಚ್ಚು ತೊಳೆದಂತೆ ಮಾಸಿದ್ದು.

“ಊರಿಗೆ ಉಪಕಾರಿ, ಮನೆಗೆ ಮಾರಿ ಅಂತಾರಲ್ಲ, ಅದು,” ಎಂದರು. “ತಟ್ಟೋದು ಕೇಳಿಸುತ್ತೆ. ಅಪ್ಪಂಗೂ ಕೇಳಿಸುತ್ತೆ. ಕೇಳಿದ ತಕ್ಷಣ ‘ದೋಣಿ ಬಂತು’ ಅಂತ ಏಳ್ತಾರೆ. ನಾನು ಬಾಯಿ ತೆಗೆಯೋಷ್ಟರಲ್ಲಿ ಅವಳ ಚಪ್ಪಲಿ ಸದ್ದು ಕಮಾನು ದಾಟಿರುತ್ತೆ. ಯಾರಿಗೆ ಉತ್ತರ ಕೊಡ್ಲಿ? ಗೋಡೆಗಾ?”

ಅದನ್ನು ತಂಗಿಗೆ ಹೇಳಬಾರದೇಕೆ ಎಂದು ನಾನು ಕೇಳಿದರೆ, ಬಕೆಟ್ ಕವುಚಿ ತಳಕ್ಕೆ ಒಂದು ಪೆಟ್ಟು ಕೊಟ್ಟರು. “ಹೇಳಿ ಕಲಿಸೋ ವಯಸ್ಸಾ ಅವಳದ್ದು?”

ಮುಂದಮ್ಮನ ಆಸೆ ಏನು ಎಂದು ಕೇಳಿದಾಗ ದೊಡ್ಡದೇನೂ ಬರಲಿಲ್ಲ. “ಅಕ್ಕ ಒಂದ್ಸಲ ‘ತಡಿ’ ಅನ್ಲಿ ಸಾಕು. ‘ಆಯ್ತು’ ಅನ್ನೋದು ಬೇಡ. ಸಾಗಹಾಕೋಕೂ ಆಯ್ತು ಅಂತಾರೆ. ನಿಲ್ತಾಳೆ ಅನ್ನೋ ನಂಬಿಕೆ ಇದ್ರೆ ತಾನೇ ತಡಿ ಅನ್ನೋದು?”

ಪಕ್ಕದಲ್ಲೇ ಹೆಣಿಗೆಯಿಂದ ಕಣ್ಣೆತ್ತದೆ ತಾತ ಕೇಳಿಸಿಕೊಳ್ಳುತ್ತಿದ್ದರು. “ನಿಲ್ತೀಯೇನು ನೀನು?”

“ಏನ್ ತಾತ?”

“ದಿನಾ ನೋಡ್ತೀನಲ್ಲ. ತಟ್ಟಿ ಓಡ್ತೀಯ, ಪೇರಲೆಹಣ್ಣು ಕದ್ದೋಳ ಹಾಗೆ. ಅವತ್ತು ತಟ್ಟಿ ಹೋದೆ, ಇವತ್ತೂ ತಟ್ಟಿ ಹೋಗ್ತೀಯ. ಅವತ್ತು ಸಲಿಗೆ, ಇವತ್ತು ನಾಚಿಕೆ. ಬಾಗಿಲ ಒಳಗಿರೋರಿಗೆ ಎರಡೂ ಒಂದೇ ಕಣೇ.”

ಮುಂದಮ್ಮ ಲೋಟದಲ್ಲಿ ಉಳಿದ ಚಹವನ್ನು ಕಲ್ಲಿನ ಮೇಲೆ ಚೆಲ್ಲಿ, ಲೋಟವನ್ನು ತಾತನ ಮಣೆಯ ಪಕ್ಕ ಇಟ್ಟು ಹೋದರು.

ಮರುದಿನದ ಮೊದಲ ದೋಣಿ. ಮಗ್ಗುಲು ಕಟ್ಟೆಗೆ ತಾಗುತ್ತದೆ, ಮುಂದಮ್ಮ ಬೆನ್ನು ಮಾಡಿ ನಡೆಯುತ್ತಾರೆ. ಆಯ್ತು, ಆಯ್ತು, ತಡಿ, ಆಯ್ತು. ನಾಲ್ಕು ಕೂದಲಿನವರು ಇಂದು ಮುಂಚೆಯೇ ತಲೆ ಒರೆಸಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ. ಬಿಟ್ಟಿ ಬೈಗುಳ ತಪ್ಪಿದ್ದಕ್ಕೆ ಇಬ್ಬರಿಗೂ ಸ್ವಲ್ಪ ಬೇಸರವಾದಂತಿದೆ. ಕಮಾನು ಬರುತ್ತದೆ.

ನೀಲಿ ಬಾಗಿಲಿಗೆ ಎರಡು ಗೆಣ್ಣಿನ ಪೆಟ್ಟು. “ಬರ್ತಾ ಇದಾರೆ ಅಕ್ಕಾ.”

ಉತ್ತರವಿಲ್ಲ. ಮುಂದಮ್ಮನ ಮೈ ಅಭ್ಯಾಸದಂತೆ ಹಿಂದಕ್ಕೆ ಅರ್ಧ ತಿರುಗುತ್ತದೆ, ಮತ್ತೆ ಬಾಗಿಲಿಗೆ ಮುಖ ಮಾಡುತ್ತದೆ. ಕಾಲು ಕಲ್ಲಿಗೆ ಅಂಟಿಸಿದಂತೆ ನಿಲ್ಲುತ್ತಾರೆ. ಹಿಂದಿನಿಂದ ಹೆಜ್ಜೆಗಳ ಸದ್ದು ಹತ್ತಿರವಾಗುತ್ತದೆ. “ಏನಮ್ಮಾ, ಯಾವ ಕಡೆ?” ಎಂದು ಕೊಡೆಯವರು ದೂರದಿಂದಲೇ ಕೇಳುತ್ತಾರೆ. ಮುಂದಮ್ಮ ತಿರುಗುವುದಿಲ್ಲ. ಕತ್ತಿನ ಹಿಂಬದಿ ಕೆಂಪಾಗಿದೆ. ಕಮಾನಿನ ಬಾಯಿಯಲ್ಲಿ ಗುಂಪು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ನಿಲ್ಲುತ್ತದೆ. ಎಲ್ಲರೂ ನೋಡುತ್ತಿದ್ದಾರೆ. ಯಾರ ಕಣ್ಣಿಗೂ ಬೀಳದಂತೆ ಕೆಲಸ ಮಾಡಿದಾಕೆ ಈಗ ಮುಚ್ಚಿದ ಬಾಗಿಲ ಮುಂದೆ, ಶಾಲೆಯಲ್ಲಿ ಹೊರಗೆ ನಿಲ್ಲಿಸಿದ ಹುಡುಗಿಯ ಹಾಗೆ ನಿಂತಿದ್ದಾರೆ. ಯಾರೋ ಒಬ್ಬರು ಫೋನ್ ಎತ್ತುತ್ತಾರೆ. ಅದೂ ಅವರಿಗೆ ಗೊತ್ತು. ಭುಜ ಒಮ್ಮೆ ಕುಗ್ಗುತ್ತದೆ. ಆದರೂ ನಿಲ್ಲುತ್ತಾರೆ.

ಬಾಗಿಲ ಆಚೆ ಪಾತ್ರೆಯ ಸದ್ದು. ಕಾಲು ಎಳೆದು ನಡೆಯುವ ಸದ್ದು.

“ತಡಿ.”

ಜೋರಾಗಿ ಹೇಳಿದ್ದಲ್ಲ. ಅಡುಗೆಮನೆಯಿಂದ ತಂಗಿಗೆ ಹೇಳುವಷ್ಟೇ.

ಮುಂದಮ್ಮ ತಿರುಗುತ್ತಾರೆ. ಮೂಗು ಒರೆಸಿಕೊಳ್ಳಲೂ ನಿಲ್ಲದೆ ಬಂದು ಕಮಾನಿನ ಎರಡೂ ಕಡೆಯ ಕಲ್ಲಿಗೆ ಕೈಯೂರಿ ಅಡ್ಡ ನಿಲ್ಲುತ್ತಾರೆ. ಇಡೀ ನದಿ ಅವರ ಬೆನ್ನ ಹಿಂದೆ ಅಡಗುತ್ತದೆ. “ಎಲ್ಲರೂ ಆ ಕಡೆ ತಿರುಗಿ. ಫೋನು ಜೇಬಿಗೆ,” ಎಂದರೆ, ಯಾರೂ ಯಾಕೆ ಎಂದು ಕೇಳುವುದಿಲ್ಲ. ಗುಂಪಿನ ಜೊತೆ ಬಂದ ನಾನೂ ಸೇರಿ ಎಲ್ಲರೂ ಬೆನ್ನು ತೋರಿಸಿ ನಿಲ್ಲುತ್ತೇವೆ. ಎದುರಿಗೆ ಬರೀ ಗೋಡೆ. ಅದನ್ನು ನೋಡುತ್ತ ನಿಲ್ಲುವುದು ಎಷ್ಟೋ ನೆಮ್ಮದಿಯ ಕೆಲಸ.

ಹಿಂದೆ ಬಾಗಿಲು ತೆರೆಯುತ್ತದೆ. ಕಲ್ಲಿನ ಮೇಲೆ ಮೊದಲ ಚೊಂಬು ನೀರು ಬೀಳುತ್ತದೆ.

“ದೋಣಿ ಬಂತಾ?” ಮುದುಕರೊಬ್ಬರ ದನಿ.

“ಬಂತಪ್ಪಾ. ಇನ್ನೂ ಕಟ್ಟಿಲ್ಲ. ನೀವು ಕೂತ್ಕೊಳ್ಳಿ.”

ಕೊಡೆಯವರು ಗಂಟಲು ಸರಿಪಡಿಸಿಕೊಂಡು ಗೋಡೆಯ ಮೇಲಿನ ನೆರೆಯ ಗೆರೆಯ ಕಥೆ ಶುರುಮಾಡುತ್ತಾರೆ. ಅದು ಮುಗಿಯುತ್ತದೆ. ಕೊಕ್ಕೆಯ ಕಥೆಯೂ ಮುಗಿಯುತ್ತದೆ. ಯಾರೂ ಓದಲಾಗದ ಕಲ್ಲನ್ನು ಓದಿಯೂ ಆಗುತ್ತದೆ. ಹಿಂದೆ ನೀರು ಇನ್ನೂ ಬೀಳುತ್ತಲೇ ಇದೆ, ನಿಧಾನವಾಗಿ, ಬಿಸಿಲಿನಲ್ಲಿ ಯಾರಿಗೂ ಅವಸರವಿಲ್ಲದ ಹಾಗೆ. ಕೊಡೆಯವರು ಇನ್ನೇನು ಮಾಡಲಿ ಎಂಬಂತೆ ಕತ್ತು ತಿರುಗಿಸದೆಯೇ ಕೈಯಾಡಿಸುತ್ತಾರೆ.

ಮುಂದಮ್ಮ ಕಮಾನಿನಿಂದ ಕೈ ತೆಗೆಯುವುದಿಲ್ಲ.

“ಇನ್ನೊಂದು ಹೇಳಿ ಸಾರ್.”